ಒಂದೇ ಗುರುವಾರ ಒಂಬತ್ತು ಜನಕ್ಕೆ ಕಜ್ಜಿ ಹತ್ತೋದಿಲ್ಲ

ಪುಣೆ ಹೊರವಲಯದ ಒಂದು ಸರ್ಕಾರಿ ಮಹಿಳಾ ನಿಲಯ. ಗಣಪತಿ ವಿಸರ್ಜನೆ ಮುಗಿದ ವಾರ. ರಿಜಿಸ್ಟರ್ ತೆರೆದರೆ ಒಂದೇ ಗುರುವಾರದ ಕೆಳಗೆ ಒಂಬತ್ತು ಹೆಸರು, ಒಂಬತ್ತರ ಮುಂದೂ ಮರಾಠಿಯಲ್ಲಿ ಒಂದೇ ಪದ: ಖರೂಜ್. ನಾವು ಕಜ್ಜಿ ಅಂತೀವಲ್ಲ, ಅದೇ, ಚರ್ಮದೊಳಗೆ ಸೇರುವ ಸಣ್ಣ ಹುಳದಿಂದ ಬರುವ, ಒಬ್ಬರ ಮೈಯಿಂದ ಇನ್ನೊಬ್ಬರಿಗೆ ಹತ್ತುವ ತುರಿಕೆ. ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಆ ಪದ ಎಲ್ಲೂ ಇಲ್ಲ.

ಅಧೀಕ್ಷಕಿ ಮೇಡಂಗೆ ಅನುಮಾನವೇ ಇರಲಿಲ್ಲ. ನಿಲಯದ ಒಬ್ಬ ಅಜ್ಜಿ ಬಿದ್ದು ತೊಡೆ ಮೂಳೆ ಮುರಿದುಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು, ವಾಪಸ್ ಬಂದ ವಾರವೇ ಹೀಗಾಯಿತು, ಅಂದಮೇಲೆ ಇದು ಆಸ್ಪತ್ರೆಯಿಂದಲೇ ಬಂದದ್ದು, ಬರೆದುಕೊಳ್ಳಿ ಅಂದರು. ಅದೇ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಮೂಳೆ ವಾರ್ಡಿನಲ್ಲಿ ಇಬ್ಬರು ಮಾವಶಿಗಳೂ ಒಬ್ಬ ಸಿಸ್ಟರೂ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದರು. (ಇಲ್ಲಿನ ಆಸ್ಪತ್ರೆಗಳಲ್ಲಿ ಆಯಾಗಳಿಗೆ ಮಾವಶಿ ಅನ್ನುತ್ತಾರೆ, ವಾರ್ಡ್ ಬಾಯ್‌ಗೆ ಮಾಮಾ. ನಾನು ವಿಜಾಪುರದ ಕಡೆಯವಳಾದ್ದರಿಂದ ಎರಡೂ ಬೇಗ ನಾಲಿಗೆಗೆ ಹತ್ತಿದವು.) ಇನ್‌ಚಾರ್ಜ್ ಸಿಸ್ಟರ್ ವಾದ ಪೂರ್ತಿ ಉಲ್ಟಾ. ನಮ್ಮ ವಾರ್ಡಿನಲ್ಲಿ ಕಜ್ಜಿಯೇ ಇರಲಿಲ್ಲ, ಆ ಅಜ್ಜಿ ತಂದದ್ದು.

ಇಬ್ಬರ ಕೈಯಲ್ಲೂ ಒಂದೊಂದು ರಿಜಿಸ್ಟರ್ ಇತ್ತು. ಎರಡರಲ್ಲೂ ದಿನಾಂಕಗಳಿದ್ದವು. ಆದರೆ ಅವೆಲ್ಲ ಡಾಕ್ಟರು ನೋಡಿದ ದಿನಾಂಕ. ತುರಿಕೆ ಶುರುವಾದ ದಿನಾಂಕ ಒಂದರಲ್ಲೂ ಇರಲಿಲ್ಲ. ಸರ್ಕಾರಿ ಆಸ್ಪತ್ರೆ, ಆಶ್ರಮ, ಮಕ್ಕಳ ನಿಲಯಗಳಲ್ಲಿ ಸೋಂಕು ಹುಡುಕುತ್ತಾ ಇಷ್ಟು ವರ್ಷ ತಿರುಗಿದ್ದೇನೆ. ಅಲ್ಲೆಲ್ಲ ನಾನು ಮೊದಲು ಹುಡುಕುವುದು ಈ ಒಂದು ಕಾಲಂ, ಹೆಚ್ಚಿನ ಕಡೆ ಖಾಲಿ ಇರುವುದೂ ಇದೇ.

ಆ ಗುರುವಾರದ ಕಥೆ ನೋಡಿ. ನಿಲಯಕ್ಕೆ ವಿಸಿಟಿಂಗ್ ಡಾಕ್ಟರ್ ಬರುವುದು ಗುರುವಾರ ಮಾತ್ರ. ನಡುವೆ ನಾಲ್ಕು ಗುರುವಾರ ಅವರಿಗೆ ಬೇರೆ ಡ್ಯೂಟಿ ಬಿದ್ದಿತ್ತು. ಬಂದಾಗಲೂ ಅವರ ಮುಂದೆ ಕೂರಿಸುತ್ತಿದ್ದದ್ದು ಜ್ವರ, ಬಿಪಿ, ಫಿಟ್ಸ್ ಇದ್ದವರನ್ನು. ತುರಿಕೆ ಅಂತ ಯಾರನ್ನು ಕರೆತರುತ್ತಾರೆ? ಅಜ್ಜಿಯ ಡಿಸ್ಚಾರ್ಜ್ ಕಾರ್ಡಿನ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು "ಚರ್ಮದ ಡಾಕ್ಟರಿಗೆ ತೋರಿಸಿ" ಅಂತ ಗೀಚಿದ್ದರು. ಅದನ್ನು ಓದಿದ ವಿಸಿಟಿಂಗ್ ಡಾಕ್ಟರ್ ಆ ಗುರುವಾರ ಹಾಲ್‌ನಲ್ಲಿದ್ದ ಎಲ್ಲರ ಕೈ ತಿರುಗಿಸಿ ನೋಡಿದರು. ಒಂಬತ್ತು ಸಿಕ್ಕವು. ಕಜ್ಜಿ ಆಗಲೇ ಅಲ್ಲಿತ್ತು, ನೋಡಿದ್ದು ಮಾತ್ರ ಗುರುವಾರ.

ಇನ್ನು ಅಜ್ಜಿ. ಆಸ್ಪತ್ರೆಯ ಕೇಸ್ ಪೇಪರ್‌ನಲ್ಲಿ ಅವರ ಹೇಳಿಕೆಯ ಜಾಗದಲ್ಲಿ "ಭಾಷೆ ತಿಳಿಯುವುದಿಲ್ಲ" ಅಂತ ಬರೆದಿದ್ದರು. ಮೂರು ವಾರ ಒಬ್ಬರೂ ಅವರ ಜೊತೆ ಮಾತೇ ಆಡಿಲ್ಲ ಅಂತ ಅದರರ್ಥ. ನಿಲಯದಲ್ಲಿ ಅವರ ಮಂಚದ ಪಕ್ಕ ಕೂತು "ಊಟ ಆತೇನಬೇ?" ಅಂದೆ. ಮುದುಕಿ ನನ್ನ ಮಣಿಕಟ್ಟು ಹಿಡಿದುಕೊಂಡಿತು. "ನೀವು ನಮ್ಮ ಕಡೆಯಾರೇನ್ರಿ ಬಾಯಾರ?" ಅಫಜಲಪುರದ ಕಡೆಯವರು, ಮಗನ ಜೊತೆ ಕಟ್ಟಡ ಕೆಲಸಕ್ಕೆ ಬಂದು ಹೇಗೋ ತಪ್ಪಿಸಿಕೊಂಡವರು. ತಾರೀಖು ಗೊತ್ತಿಲ್ಲ. ಕೇಳಲೂ ಇಲ್ಲ ನಾನು. ಯಾವ ಹಬ್ಬದ ಹೊತ್ತಿಗೆ ತುರಿಕೆ ಶುರುವಾಯ್ತು ಅಂತ ಕೇಳಿದೆ.

"ಪಂಚಮಿ ದಿನಾ ಗಿಡಕ್ಕ ಜೋಕಾಲಿ ಕಟ್ಟಿದ್ರಲ್ರೀ, ಹುಡುಗ್ಯಾರು ಬಾ ಆಯಿ ಅಂತ ಕುಂದರ್ಸಿದ್ರು. ಹಗ್ಗಾ ಹಿಡ್ಯಾಕ ಆಗ್ಲಿಲ್ರೀ. ಬಳ್ಳಿನ ಸಂದ್ಯಾಗ ಉರಿ."

ನಾಗರ ಪಂಚಮಿ. ಅವರು ಬಿದ್ದದ್ದು ಅದಾಗಿ ಹತ್ತು ದಿನಕ್ಕೆ. ಅಂದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಕಜ್ಜಿ ಇತ್ತು. ಅಷ್ಟೇ ಅಲ್ಲ, ಕಜ್ಜಿ ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು 2ರಿಂದ 6 ವಾರ ಬೇಕು. ಹಾಗಾಗಿ ಪಂಚಮಿಯಿಂದ ಹಿಂದಕ್ಕೆ ಎಣಿಸಬೇಕು. ನಾನು ಮುಂದಿನ ಹಾಳೆ ಬಿಟ್ಟು ಹಿಂದಿನ ಪ್ರವೇಶ ಪುಸ್ತಕ ತೆಗೆಸಿದೆ. ಪಂಢರಪುರಕ್ಕೆ ಹೋಗುವ ಪಾಲಖಿಗಳು ಪುಣೆಗೆ ಬಂದ ವಾರ, ಅಂದರೆ ಪಂಚಮಿಗೆ ಐದಾರು ವಾರ ಮುಂಚೆ, ಒಬ್ಬ ಹುಡುಗಿಯನ್ನು ಪೊಲೀಸರು ಸ್ಟೇಷನ್ನಿನಿಂದ ಕರೆತಂದು ಬಿಟ್ಟಿದ್ದರು. ಪ್ರವೇಶದ ದಿನದ ಟಿಪ್ಪಣಿ: ಖಾಜ್ (ತುರಿಕೆ), ಕ್ಯಾಲಮೈನ್ ಲೋಷನ್ ಕೊಟ್ಟಿದೆ. ಮಲಗುವ ಜಾಗ: ಬಲಗಡೆ ಹಾಲ್, ಅಜ್ಜಿಯ ಪಕ್ಕ.

ಮೂಳೆ ವಾರ್ಡಿನ ಮಾವಶಿಗಳ ಲೆಕ್ಕವೂ ಆಗ ಕೂತಿತು. ಅಜ್ಜಿಯನ್ನು ಎತ್ತಿ ಮಗ್ಗುಲು ಬದಲಿಸಿದವರು ಅವರು. ಅವರ ತುರಿಕೆ ವಿಸರ್ಜನೆಯ ಆಸುಪಾಸು ಶುರುವಾಗಿತ್ತು, ಅಜ್ಜಿ ದಾಖಲಾಗಿ ಸುಮಾರು ನಾಲ್ಕು ವಾರಕ್ಕೆ.

ಒಂದೇ ಒಂದು ಹೆಸರು ನನ್ನ ಲೈನ್ ಲಿಸ್ಟ್‌ನಲ್ಲಿ (ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲಿನ ಪಟ್ಟಿ) ತಕರಾರು ಮಾಡುತ್ತಿತ್ತು. ಎಡಗಡೆ ಹಾಲ್‌ನ ಒಬ್ಬರಿಗೆ ಹುಡುಗಿ ಬಂದ ವಾರವೇ ತುರಿಕೆ. ಅಜ್ಜಿಗಿಂತಲೂ ಮುಂಚೆ. ವಿಚಾರಿಸಿದರೆ ಇಬ್ಬರೂ ಬಟ್ಟೆ ಬದಲಾಯಿಸಿಕೊಳ್ಳುತ್ತಿದ್ದರಂತೆ, ಮತ್ತು ಆ ಹೆಂಗಸಿಗೆ ಹಿಂದೆ ಬೇರೆ ನಿಲಯದಲ್ಲಿದ್ದಾಗ ಒಮ್ಮೆ ಕಜ್ಜಿ ಆಗಿತ್ತು. ಒಮ್ಮೆ ಆಗಿದ್ದವರ ಮೈಗೆ ಈ ಹುಳ ಗುರುತಿರುತ್ತದೆ, ಎರಡನೇ ಸಲ ಒಂದರಿಂದ ನಾಲ್ಕು ದಿನಕ್ಕೇ ತುರಿಕೆ ಬರುತ್ತದೆ. ಹೀಗಾಗಿ ಮೊದಲು ಕೆರೆದುಕೊಂಡವರೇ ಹಬ್ಬಿಸಿದವರು ಅಂತ ತಿಳಿದರೆ ತಪ್ಪಾಗುತ್ತದೆ, ಪಾಪ ಯಾರದೋ ತಲೆಗೆ ಕಟ್ಟುತ್ತೇವೆ. ಹಿಂದೆ ಆಗಿತ್ತಾ ಅಂತ ಕೇಳದೆ ಪಟ್ಟಿ ಮಾಡಬಾರದು.

ಮಾತೇ ಆಡದವರ ದಿನಾಂಕ ಎಲ್ಲಿಂದ ತರೋದು ಅಂತ ನೀವು ಕೇಳಬಹುದು. ಒಂಬತ್ತರಲ್ಲಿ ಮೂವರು ಹಾಗಿದ್ದರು. ನಾನು ಹೋದದ್ದು ಧೋಬಿ ಮಾಮಾನ ಹತ್ತಿರ. ಅವರ ಬಳಿ ಒಂದು ಎಣ್ಣೆ ಹಿಡಿದ ನೋಟ್‌ಬುಕ್ ಇತ್ತು, ಚಾದರ ಎಷ್ಟು ಬಂತು, ಎಷ್ಟು ಹರಿದಿದೆ, ಯಾವುದಕ್ಕೆ ಡಬಲ್ ಸೋಪು ಹಾಕಿದೆ ಅಂತ. ಬಲಗಡೆ ಹಾಲ್‌ನ ಚಾದರಗಳ ಮೇಲೆ ರಕ್ತದ ಸಣ್ಣ ಸಣ್ಣ ಚುಕ್ಕೆ, ಸಾಸಿವೆ ಚೆಲ್ಲಿದ ಹಾಗೆ. ಪಂಚಮಿ ಮುಗಿದ ಮೊದಲ ವಾರ ನಾಲ್ಕು ಚಾದರ. ಆಮೇಲೆ ಏಳು. ಯಾರಿಗೂ ಹೇಳಲಿಲ್ವಾ ಅಂದೆ. ಯಾರೂ ಕೇಳಲಿಲ್ಲ ಮೇಡಂ, ತಿಗಣೆ ಅಂದುಕೊಂಡೆ ಅಂದರು.

ಡಾಕ್ಟರ ರಿಜಿಸ್ಟರ್‌ಗಿಂತ ಮುಂಚೆ ಸುಳಿವು ಬೇರೆಲ್ಲೋ ಕಾಣುವುದು ಹೊಸದೇನಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳುತ್ತಿದ್ದದ್ದೇ ಸುಳಿವಾಗಿತ್ತು. ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಇವತ್ತಿನ ಎನ್‌ಐವಿ, ಹೋಗಿ ವೈರಸ್ ಹಿಡಿದರು. ಊರಿನವರು ಅದಕ್ಕೆ ಇಟ್ಟ ಹೆಸರು ಮಂಗನ ಕಾಯಿಲೆ. ಆ ಸುಳಿವು ಹೆಸರಲ್ಲೇ ಇತ್ತು.

ಈಗ ಸರ್ಕಾರದ ವ್ಯವಸ್ಥೆಗೆ ಬರೋಣ, ಬೇಗ ಮುಗಿಸ್ತೀನಿ. 2004ರಿಂದ ಐಡಿಎಸ್‌ಪಿ ಇದೆ, ಎಲ್ಲಿ ಯಾವ ರೋಗ ಹರಡುತ್ತಿದೆ ಅಂತ ಕಣ್ಣಿಡುವ ಸರ್ಕಾರಿ ಯೋಜನೆ. ಮೂರು ಫಾರಂ: ಊರಲ್ಲಿ ಓಡಾಡುವ ಆರೋಗ್ಯ ಕಾರ್ಯಕರ್ತೆ ತುಂಬುವ ಎಸ್, ಡಾಕ್ಟರ್ ತುಂಬುವ ಪಿ, ಲ್ಯಾಬ್‌ನವರ ಎಲ್. ಈಗ ಅದೆಲ್ಲ ಐಎಚ್‌ಐಪಿ ಅನ್ನೋ ಆನ್‌ಲೈನ್ ಪೋರ್ಟಲ್‌ಗೆ ಹೋಗಿದೆ. ಒಳ್ಳೇ ವ್ಯವಸ್ಥೆಯೇ, ಬೈಯೋದಿಲ್ಲ. ಆದರೆ ನಾವು ವರ್ಷಗಟ್ಟಲೆ ತುಂಬಿದ ಹಳೇ ಪಿ ಫಾರಂನಲ್ಲಿ ನಾಯಿ ಕಡಿತಕ್ಕೆ ಸಾಲಿತ್ತು, ಹಾವು ಕಡಿತಕ್ಕೆ ಸಾಲಿತ್ತು, ಕಜ್ಜಿಗೆ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ. ನಿಲಯ ಆರೋಗ್ಯ ಇಲಾಖೆಯದ್ದಲ್ಲ. ಅಲ್ಲಿ ಫಾರಂ ತುಂಬುವವರೇ ಇಲ್ಲ. ಆಸ್ಪತ್ರೆ ಒಂದು ಖಾತೆ, ಮಹಿಳಾ ನಿಲಯ ಇನ್ನೊಂದು. ರೋಗಿ ಮಾತ್ರ ಎರಡರಲ್ಲೂ ಒಬ್ಬರೇ, ಆಂಬುಲೆನ್ಸ್‌ನಲ್ಲಿ ಅತ್ತಿತ್ತ ಓಡಾಡುತ್ತಾರೆ.

ಎಲ್ಲ ರೋಗಕ್ಕೂ ಹಿಂದಕ್ಕೆ ಎಣಿಸೋ ದಿನ ಬೇರೆ ಬೇರೆ. ನೋರೋವೈರಸ್‌ನ ವಾಂತಿ-ಭೇದಿಗೆ 12ರಿಂದ 48 ಗಂಟೆ, ಅಂದರೆ ನಿನ್ನೆ ಮೊನ್ನೆಯ ಅಡುಗೆಮನೆ ನೋಡಿ. ಸೀತಾಳ ಸಿಡುಬಿಗೆ 10ರಿಂದ 21 ದಿನ. ಆಸ್ಪತ್ರೆಗೆ ಸೇರಿದ ಆರನೇ ದಿನ ಗುಳ್ಳೆ ಎದ್ದರೆ ಅದು ಹೊರಗಿನಿಂದ ಬಂದದ್ದು, ಒಂದು ತಿಂಗಳಿಂದ ವಾರ್ಡ್ ಬಿಟ್ಟು ಹೊರಗೆ ಹೋಗದವರಿಗೆ ಎದ್ದರೆ ವಾರ್ಡಿನದ್ದೇ. ದಾಖಲಾಗಿ 48 ಗಂಟೆ ದಾಟಿದ ಮೇಲೆ ಕಾಣಿಸಿದರೆ ಆಸ್ಪತ್ರೆಯ ಸೋಂಕು ಅನ್ನೋ ನಿಯಮವನ್ನು ಎಲ್ಲದಕ್ಕೂ ಹಚ್ಚಿದರೆ ಎಡವುತ್ತೀರಿ.

2025ರ ಜನವರಿಯಲ್ಲಿ ಪುಣೆಯ ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್, ನರಗಳಿಗೆ ಪೆಟ್ಟು ಬೀಳುವ ಕಾಯಿಲೆ) ಸುದ್ದಿ ನಿಮಗೆ ನೆನಪಿರಬೇಕು. ಸಿಂಹಗಡ ರಸ್ತೆಯ ಸುತ್ತ, ನಾಂದೇಡ್ ಗಾಂವ್, ಕಿರ್ಕಟವಾಡಿ ಕಡೆ ಜನರ ಕೈಕಾಲು ಇದ್ದಕ್ಕಿದ್ದಂತೆ ಸೋತುಹೋದವು. ರೋಗಿಗಳು ಬೇರೆ ಬೇರೆ ಆಸ್ಪತ್ರೆಗಳಲ್ಲಿದ್ದರು. ಪಟ್ಟಿಗಳನ್ನು ಸೇರಿಸಿ ವಿಳಾಸ ನೋಡಿದಾಗಲೇ ನಕ್ಷೆ ಕಾಣುವುದು. ಅಲ್ಲೂ ಕಾಲು ಸೋತ ದಿನ ಬರೆದುಕೊಂಡರೆ ಸಾಲದು, ಅದಕ್ಕೂ ಒಂದೆರಡು ವಾರ ಮುಂಚೆ ಭೇದಿ ಆಗಿತ್ತಾ, ಯಾವತ್ತು ಅಂತ ಕೇಳಬೇಕು. ಮಲದ ಸ್ಯಾಂಪಲ್‌ಗಳಲ್ಲಿ ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು. ನೀರಿನ ಪ್ರಶ್ನೆ ಎದ್ದದ್ದು ಆ ಭೇದಿಯಿಂದ.

ನಿಲಯದ ಕಥೆ ಪೂರ್ತಿ ಮಾಡ್ತೀನಿ. ಕಜ್ಜಿಗೆ ಮದ್ದು ಕಷ್ಟದ್ದಲ್ಲ. 5% ಪರ್ಮೆಥ್ರಿನ್ ಮುಲಾಮು, ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಕೆಳಗೂ, ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ. ಒಂದು ವಾರ ಬಿಟ್ಟು ಮತ್ತೆ. ಷರತ್ತು ಒಂದೇ: ತುರಿಕೆ ಇರಲಿ ಬಿಡಲಿ, ಎಲ್ಲರೂ ಅದೇ ರಾತ್ರಿ. ಸಿಬ್ಬಂದಿ ಸಮೇತ. ನಿಲಯದಲ್ಲಿ ಆಗ 58 ಜನ, ಸಿಬ್ಬಂದಿ ಸೇರಿ 67. ತಲೆಗೊಂದು ಟ್ಯೂಬ್, ಎರಡು ಸಲ, ಅಂದರೆ 134. ಸ್ಟೋರ್‌ನಿಂದ ಬಂದದ್ದು ಒಂಬತ್ತು! ರಿಜಿಸ್ಟರ್‌ನಲ್ಲಿ ಒಂಬತ್ತು ಹೆಸರಿದೆಯಲ್ಲ ಮೇಡಂ ಅಂದರು. ಮೂರು ದಿನ ಫೋನು ಮಾಡಿ, ಲೈನ್ ಲಿಸ್ಟ್ ತೋರಿಸಿ, ಒಂದಿಷ್ಟು ಜಗಳವಾಡಿ ಉಳಿದದ್ದು ತರಿಸಿದೆವು. ಒಗೆಯಲಾಗದ ರಗ್ಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಇಟ್ಟೆವು, ಮನುಷ್ಯರ ಮೈ ಬಿಟ್ಟರೆ ಈ ಹುಳ ಎರಡು ಮೂರು ದಿನದ ಮೇಲೆ ಬದುಕೋದಿಲ್ಲ. ಧೋಬಿ ಮಾಮಾ ತಮ್ಮ ನೋಟ್‌ಬುಕ್‌ನಲ್ಲಿ ಚುಕ್ಕೆಗೆ ಅಂತಲೇ ಒಂದು ಕಾಲಂ ಎಳೆದರು, ನಾನು ಹೇಳಿರಲಿಲ್ಲ.

ಎರಡನೇ ಸಲ ಹಚ್ಚುವ ರಾತ್ರಿ ಎಣಿಸಿದರೆ ಇಬ್ಬರು ಕಮ್ಮಿ. ಹಿಂದಿನ ದಿನ ಬೇರೆ ಜಿಲ್ಲೆಯ ನಿಲಯಕ್ಕೆ ವರ್ಗ ಮಾಡಿದ್ದರು. ಅವರ ಪೇಪರ್ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ ತಾರೀಖು ಬರೆದಿದ್ದೆ, ಆ ಪೇಪರ್ ಇಲ್ಲೇ ಉಳಿದಿತ್ತು. ಆ ನಿಲಯಕ್ಕೆ ಫೋನು ಮಾಡಿದೆ. ನಿಮ್ಮಲ್ಲಿಗೆ ಬಂದ ಇಬ್ಬರಿಗೆ ಇವತ್ತು ರಾತ್ರಿ ಮುಲಾಮು ಹಚ್ಚಬೇಕು, ಟ್ಯೂಬ್ ನಾನೇ ಕಳಿಸ್ತೀನಿ, ಅವರ ಅಕ್ಕಪಕ್ಕ ಯಾರು ಮಲಗ್ತಾರೆ ಬರೆದಿಡಿ ಅಂದೆ.

ಆ ಕಡೆಯವರು ಎಲ್ಲ ಕೇಳಿಸಿಕೊಂಡು, "ಮೇಡಂ, ನೀವು ಯಾವ ಖಾತೆಯವರು?" ಅಂದರು.