ಪೈರೋಕ್ಲಾಸ್ಟಿಕ್ ಪ್ರವಾಹ: ಪೊಂಪೇಯಿಯನ್ನು ಮುಗಿಸಿದ್ದು ಲಾವಾ ಅಲ್ಲ

ಪೊಂಪೇಯಿ ಅಂದ ಕೂಡಲೇ ಎಷ್ಟೋ ಜನರ ಕಣ್ಮುಂದೆ ಬರುವುದು ಬೆಟ್ಟದಿಂದ ಕೆಂಪಗೆ ಹರಿದು ಬರುವ ಲಾವಾ. ಆದರೆ ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಆ ಊರಿಗೆ ಲಾವಾ ಬರಲೇ ಇಲ್ಲ. ಕೊನೆಯವರೆಗೂ ಊರಲ್ಲಿ ಉಳಿದವರನ್ನು ಕೊಂದದ್ದು ಬೇರೆಯೇ ಒಂದು. ಪಕ್ಕದ ಹರ್ಕ್ಯುಲೇನಿಯಮ್ ಅನ್ನು ಮುಚ್ಚಿ, ಇವತ್ತಿನವರೆಗೆ ಕಾಪಾಡಿಕೊಟ್ಟದ್ದೂ ಅದೇ. ಅದಕ್ಕೆ ಪೈರೋಕ್ಲಾಸ್ಟಿಕ್ ಪ್ರವಾಹ ಎನ್ನುತ್ತಾರೆ.

ಕಾದ ಅನಿಲ, ಬೂದಿ, ಕಲ್ಲಿನ ಚೂರು ಎಲ್ಲ ಬೆರೆತು ನೆಲಕ್ಕೆ ಅಂಟಿಕೊಂಡಂತೆ ನುಗ್ಗಿ ಬರುವ ಮೋಡ ಇದು. ದೂರದಿಂದ ನೋಡಿದರೆ ದಟ್ಟ ಹೊಗೆ ಅನ್ನಿಸುತ್ತದೆ. ಆದರೆ ಹೊಗೆಯ ಹಾಗೆ ಮೇಲೇರುವುದಿಲ್ಲ. ಭಾರ ಜಾಸ್ತಿ, ಅದಕ್ಕೇ ಇಳಿಜಾರು ಹಿಡಿದು ಕೆಳಗೆ ಓಡುತ್ತದೆ. ವೇಗ ಗಂಟೆಗೆ 100 ಕಿ.ಮೀ. ದಾಟುವುದು ಮಾಮೂಲು. ಬಿಸಿ ನೂರಾರು ಡಿಗ್ರಿ. ಲಾವಾ ಬಂದರೆ ಬಹಳ ಸಲ ನಡೆದುಕೊಂಡೇ ತಪ್ಪಿಸಿಕೊಳ್ಳಬಹುದು. ಇದರ ಮುಂದೆ ಓಡಿ ಗೆಲ್ಲುವ ಮಾತೇ ಇಲ್ಲ. ಇದರಲ್ಲೇ ಅನಿಲ ಜಾಸ್ತಿಯಿದ್ದು ತೆಳುವಾಗಿ ಹರಡುವ ಬಗೆಗೆ ವಿಜ್ಞಾನಿಗಳು ಸರ್ಜ್ ಎಂಬ ಬೇರೆ ಹೆಸರಿಟ್ಟಿದ್ದಾರೆ. ಸಿಕ್ಕಿಕೊಂಡವರ ಪಾಲಿಗೆ ಎರಡೂ ಒಂದೇ.

ಇದು ಹುಟ್ಟುವ ಬಗೆ ನೋಡಿ. ವೆಸುವಿಯಸ್ ಬಾಯಿಂದ ಎದ್ದ ಬೂದಿಯ ಕಂಬ ಸುಮಾರು 30 ಕಿ.ಮೀ. ಎತ್ತರಕ್ಕೆ ಹೋಗಿತ್ತು. ಕೊಲ್ಲಿಯ ಆಚೆ ಮಿಸೇನಮ್‌ನಲ್ಲಿದ್ದ 17 ವರ್ಷದ ಹುಡುಗ ಕಿರಿಯ ಪ್ಲಿನಿ ಅದನ್ನು ಕಣ್ಣಾರೆ ಕಂಡ. ಕಾಂಡ ನೆಟ್ಟಗೆ ನಿಂತು ತಲೆಯಲ್ಲಿ ಕೊಂಬೆ ಚಾಚಿದ ಪೈನ್ ಮರದ ಹಾಗಿತ್ತು ಎಂದು ಎಷ್ಟೋ ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರ ಬರೆದ. ಅಲ್ಲಿನ ನೌಕಾಪಡೆಯ ಮುಖ್ಯಸ್ಥನಾಗಿದ್ದ ಅವನ ಸೋದರಮಾವ ಹಿರಿಯ ಪ್ಲಿನಿ ಜನರನ್ನು ಕರೆತರಲು ಹಡಗು ಹೊರಡಿಸಿದ. ಆದರೆ ಸ್ಟೇಬಿಯೇ ಎಂಬ ಊರಿನ ದಡದಲ್ಲಿ ತಾನೇ ಸತ್ತ. ಇಂಥ ಎತ್ತರದ ಕಂಬ ಎಬ್ಬಿಸುವ ಸ್ಫೋಟಗಳಿಗೆ ಇವತ್ತಿಗೂ ಪ್ಲಿನಿಯನ್ ಸ್ಫೋಟ ಎಂದೇ ಹೆಸರು.

ಒಳಗಿನಿಂದ ದೂಡುವ ಅನಿಲದ ಜೋರು ಇರುವ ತನಕ ಕಂಬ ನಿಂತಿರುತ್ತದೆ. ಪಾರ್ಕಿನ ಕಾರಂಜಿಯಲ್ಲಿ ಒತ್ತಡ ಇಳಿದರೆ ನೀರು ತನ್ನ ಮೇಲೆ ತಾನೇ ಬೀಳುತ್ತದಲ್ಲ, ಹಾಗೆ ಕಂಬವೂ ಕುಸಿಯುತ್ತದೆ. ಕುಸಿದದ್ದು ಬೆಟ್ಟದ ಇಳಿಜಾರಲ್ಲಿ ನಾಲ್ಕೂ ಕಡೆ ನುಗ್ಗುತ್ತದೆ. ಅದೇ ಪೈರೋಕ್ಲಾಸ್ಟಿಕ್ ಪ್ರವಾಹ.

ಆ ದಿನ ಗಾಳಿ ಬೀಸುತ್ತಿದ್ದದ್ದು ಆಗ್ನೇಯಕ್ಕೆ. ಪೊಂಪೇಯಿ ಇದ್ದದ್ದೂ ಅದೇ ದಿಕ್ಕಿಗೆ, ಸುಮಾರು 10 ಕಿ.ಮೀ. ದೂರದಲ್ಲಿ. ಹಾಗಾಗಿ ಮೊದಲು ಆ ಊರಿನ ಮೇಲೆ ಗಂಟೆಗಟ್ಟಲೆ ಪ್ಯೂಮಿಸ್ ಸುರಿಯಿತು. ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ಸಿಗುತ್ತದಲ್ಲ, ತೂತುತೂತಿನ ಹಗುರ ಕಲ್ಲು, ಅದೇ ಪ್ಯೂಮಿಸ್. ಒಂದೊಂದು ಕಲ್ಲು ಹಗುರವೇ. ಆದರೆ ಎರಡೂವರೆ ಮೀಟರಿಗೂ ಹೆಚ್ಚು ಪೇರಿಸಿಕೊಂಡಾಗ ಎಷ್ಟೋ ಮಾಡು ಕುಸಿದವು. ಆ ಹೊತ್ತಿನಲ್ಲೇ ಊರು ಬಿಟ್ಟವರು ಬದುಕಿಕೊಂಡಿರಬೇಕು. ಊರಲ್ಲಿ 10 ಸಾವಿರಕ್ಕೂ ಹೆಚ್ಚು ಜನ ಇದ್ದರೆಂಬ ಅಂದಾಜಿದೆ. ಸಿಕ್ಕಿರುವ ಶವಗಳು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಊರಿನ ಸುಮಾರು ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ ಅನ್ನುವುದೂ ನಿಜ. ಮನೆಯೊಳಗೇ ಕೂತವರ ಮೇಲೆ ಮರುದಿನ ಬೆಳಿಗ್ಗೆ ಪ್ರವಾಹ ಬಂತು.

ಅದು ಹೊತ್ತು ತಂದ ನುಣ್ಣನೆ ಬೂದಿ ದೇಹಗಳ ಸುತ್ತ ಗಟ್ಟಿಯಾಯಿತು. ದೇಹ ಕರಗಿದ ಮೇಲೆ ಒಳಗೆ ಅದೇ ಆಕಾರದ ಟೊಳ್ಳು ಉಳಿಯಿತು. 1863ರಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದು, ಸುತ್ತಲಿನ ಬೂದಿ ಬಿಡಿಸಿ ತೆಗೆದ. ಬಟ್ಟೆಯ ನೆರಿಗೆ ಸಮೇತ ಮನುಷ್ಯರು ಹೊರಬಂದರು. ನೋಡಿದವರು ಕತೆ ಕಟ್ಟದೆ ಬಿಡುತ್ತಾರಾ? ಒಬ್ಬರ ಕೈಯಲ್ಲಿ ಚಿನ್ನದ ಕಡಗ, ಮಡಿಲಲ್ಲಿ ಮಗು, ಅಂದಮೇಲೆ ತಾಯಿಯೇ ಇರಬೇಕು ಎಂದು ಬಹಳ ಕಾಲ ನಂಬಿದ್ದರು. 2024ರಲ್ಲಿ ಡಿಎನ್ಎ ಪರೀಕ್ಷೆಯ ಫಲಿತಾಂಶ ಬಂತು. ಅದು ಗಂಡಸು, ಆ ಮಗುವಿಗೂ ಅವನಿಗೂ ರಕ್ತಸಂಬಂಧವೇ ಇಲ್ಲ.

ಹರ್ಕ್ಯುಲೇನಿಯಮ್‌ನ ಕತೆ ಬೇರೆ. ಬೆಟ್ಟದ ಪಶ್ಚಿಮಕ್ಕೆ, ಇನ್ನೂ ಹತ್ತಿರದಲ್ಲಿದ್ದ ಊರು. ಗಾಳಿ ಆ ಕಡೆಗಿರಲಿಲ್ಲವಾದ್ದರಿಂದ ಹಗಲಿಡೀ ಹೆಚ್ಚೇನೂ ಬೀಳಲಿಲ್ಲ. ಆದರೆ ಕಂಬ ಕುಸಿಯಲು ಶುರುವಾದಾಗ ಪ್ರವಾಹ ರಾತ್ರಿಯೇ ಮೊದಲು ಬಂದದ್ದು ಇಲ್ಲಿಗೆ. ಒಂದರ ಹಿಂದೊಂದು ಬಂದು ಸುಮಾರು 20 ಮೀಟರ್ ಆಳಕ್ಕೆ ಹೂತುಹಾಕಿತು. ಬಹಳ ಕಾಲದವರೆಗೆ ಈ ಊರು ಕೆಸರಿನಲ್ಲಿ ಮುಳುಗಿತೆಂದೂ, ಶವಗಳು ಅಷ್ಟಾಗಿ ಸಿಗದ್ದರಿಂದ ಜನ ಪಾರಾದರೆಂದೂ ಹೇಳುತ್ತಿದ್ದರು. 1980ರ ದಶಕದಲ್ಲಿ ಹಳೆಯ ಸಮುದ್ರ ದಡ ಅಗೆದಾಗ ಗೊತ್ತಾಯಿತು. ದೋಣಿ ಇಡುವ ಕಮಾನು ಕೋಣೆಗಳಲ್ಲಿ, ದಡದ ಮರಳಿನಲ್ಲಿ ಸುಮಾರು 300 ಅಸ್ಥಿಪಂಜರಗಳು. ಒಬ್ಬಾಕೆಯ ಬೆರಳಲ್ಲಿ ಉಂಗುರ ಹಾಗೇ ಇತ್ತು. ದೋಣಿಗೆ ಕಾಯುತ್ತಿದ್ದರೋ ಏನೋ.

ಇಲ್ಲಿ ಬಿಸಿ ಎಷ್ಟಿತ್ತೆಂದರೆ ಒಬ್ಬ ಯುವಕನ ಮಿದುಳಿನ ಭಾಗ ಗಾಜಾಗಿಬಿಟ್ಟಿದೆ. ಅದಕ್ಕೆ 510 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿ ತಗುಲಿ, ತಕ್ಷಣ ತಣಿಯಬೇಕಿತ್ತು ಎಂದು 2025ರ ಅಧ್ಯಯನ ಹೇಳುತ್ತದೆ. ಅಷ್ಟು ಬಿಸಿಯಲ್ಲಿ ಮರ ಉಳಿದದ್ದು ಹೇಗೆ? ಗಾಳಿಯಾಡದೆ ಬೆಂದರೆ ಮರ ಉರಿದು ಬೂದಿಯಾಗುವುದಿಲ್ಲ, ಇದ್ದಿಲಾಗುತ್ತದೆ. ಇದ್ದಿಲು ಕೊಳೆಯುವುದಿಲ್ಲ. ಹಾಗಾಗಿ ಪೊಂಪೇಯಿಯಲ್ಲಿ ಕೊಳೆತು ಹೋದ ಬಾಗಿಲು, ಮಂಚ, ತೊಟ್ಟಿಲುಗಳಂಥವು ಇಲ್ಲಿ ಕಪ್ಪಗೆ ಉಳಿದಿವೆ. ಎಂಟು ಹೋಳಿನ ಗುರುತಿರುವ ಒಂದು ದುಂಡು ಬ್ರೆಡ್ ಸಿಕ್ಕಿದೆ. ಅದರ ಮೇಲೆ ಕ್ವಿಂಟಸ್ ಗ್ರಾನಿಯಸ್ ವೇರಸ್ ಎಂಬವನ ಗುಲಾಮ ಸೆಲರ್ ಎಂದು ಮುದ್ರೆ ಒತ್ತಲಾಗಿದೆ. ಹತ್ತಾರು ಮನೆಯವರ ಬ್ರೆಡ್ ಒಂದೇ ಒಲೆಗೆ ಹೋಗುವಾಗ ಅದಲುಬದಲಾಗಬಾರದೆಂದು ಹಾಕಿದ ಗುರುತಿರಬಹುದು. ಎರಡು ಸಾವಿರ ವರ್ಷದ ಹಿಂದಿನ ಗುಲಾಮನ ಹೆಸರು ಒಂದು ಬ್ರೆಡ್ಡಿನ ಮೇಲೆ ಉಳಿದಿದೆ. ನನಗಂತೂ ಇಡೀ ಊರಿನಲ್ಲಿ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಊರ ಹೊರಗಿನ ಬಂಗಲೆಯೊಂದರಲ್ಲಿ 1750ರ ದಶಕದಲ್ಲಿ ಇದ್ದಿಲಾದ ಪಪೈರಸ್ ಸುರುಳಿಗಳ ರಾಶಿಯೇ ಸಿಕ್ಕಿತು. ಬಿಚ್ಚಲು ಹೋದರೆ ಪುಡಿಯಾಗುತ್ತಿದ್ದವು. ಈಗ ಬಿಚ್ಚದೆಯೇ ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಿಂದ ಶಾಯಿಯ ಗುರುತು ಹುಡುಕುತ್ತಾರೆ. ಹೀಗೆ ಮುಚ್ಚಿದ ಸುರುಳಿಯೊಂದರಲ್ಲಿ 2023ರಲ್ಲಿ ಓದಿದ ಗ್ರೀಕ್ ಪದದ ಅರ್ಥ 'ನೇರಳೆ ಬಣ್ಣ'.

ಇದೆಲ್ಲ ಹಳೇ ಕಾಲದ್ದು ಅಂದುಕೊಳ್ಳಬೇಡಿ. 1902ರಲ್ಲಿ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿ ಮೌಂಟ್ ಪೆಲೆಯಿಂದ ಇಳಿದ ಇಂಥದೇ ಮೋಡ ಸೇಂಟ್ ಪಿಯೆರ್ ಪಟ್ಟಣವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿತು. ಸತ್ತವರು ಹತ್ತಿರ ಹತ್ತಿರ 30 ಸಾವಿರ. ವೆಸುವಿಯಸ್ ಕೊನೆಯ ಸಲ ಸಿಡಿದದ್ದು 1944ರಲ್ಲಿ. ಇವತ್ತು ಅದರ ಸುತ್ತ ಅಪಾಯದ ವಲಯದಲ್ಲಿ ಲಕ್ಷಗಟ್ಟಲೆ ಜನ ವಾಸವಿದ್ದಾರೆ. ಇಟಲಿ ಸರ್ಕಾರದ ತೆರವು ಯೋಜನೆ ಪ್ರಕಾರ, ಬೆಟ್ಟ ಸಿಡಿಯುವ ಮೊದಲೇ, 72 ಗಂಟೆಯೊಳಗೆ ಅವರೆಲ್ಲರನ್ನೂ ಹೊರಗೆ ಕಳಿಸಬೇಕು. ಸಿಡಿದ ಮೇಲೆ ಹೊರಟರೆ ಆಗುವುದಿಲ್ಲ ಎಂಬುದೇ ಆ ಯೋಜನೆಯ ಲೆಕ್ಕ.