ಕತ್ತಲು ಕಪ್ಪಗೇ ಇರಲಿ ಬಿಡಿ

ದೀಪಾವಳಿ ಮುಗಿದು ಕಾರ್ತಿಕ ಶುರುವಾಯಿತು ಅಂದರೆ ನನ್ನ ಸ್ಟುಡಿಯೋಗೆ ಜನ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ. "ಸರ್, ರಾತ್ರಿ ಫೋಟೊ ಚಂದ ಬರವಲ್ವು ನೋಡ್ರಿ. ಯಾವ ಕ್ಯಾಮೆರಾ ತಗೋಬೇಕ್ರಿ?" ತೋರಿಸಿ ಅಂತ ಫೋನ್ ಇಸಿದುಕೊಂಡು ನೋಡಿದರೆ, ಸಿದ್ಧಾರೂಢ ಮಠದ ದೀಪೋತ್ಸವ. ಹಣತೆಗಳೆಲ್ಲ ಬರೀ ಬಿಳಿ ಚುಕ್ಕೆ, ಆಕಾಶ ಬೂದಿ ಬಣ್ಣ, ನಿಂತ ಜನರೆಲ್ಲ ಅಲುಗಾಡಿದ್ದಾರೆ. ಫೋನ್ ಮಾತ್ರ ಲಕ್ಷದ ಹತ್ತಿರದ್ದು! ಇದಕ್ಕಿಂತ ದುಬಾರಿ ಕ್ಯಾಮೆರಾ ಕೊಂಡರೂ ಇದೇ ಫೋಟೊ ಬರುತ್ತದೆ, ಸ್ವಲ್ಪ ದೊಡ್ಡದಾಗಿ.

ಕ್ಯಾಮೆರಾಗೆ ಈಗ ರಾತ್ರಿ ಅಂತ ಗೊತ್ತಿಲ್ಲ. ಇದೊಂದು ಮಾತು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಒಳಗಿರುವ ಬೆಳಕಿನ ಮೀಟರ್ ಎದುರಿಗೆ ಏನೇ ಇರಲಿ, ಅದನ್ನು ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. 18 ಪರ್ಸೆಂಟ್ ಗ್ರೇ ಅಂತ ನಾವು ಕರೆಯೋದು ಇದನ್ನೇ. ಬಿಳಿ ಗೋಡೆ ತೋರಿಸಿ, ಬೂದು ಮಾಡುತ್ತದೆ. ಕರಿ ಕಂಬಳಿ ತೋರಿಸಿ, ಅದನ್ನೂ ಬೂದು ಮಾಡುತ್ತದೆ. ಇನ್ನು ಮುಕ್ಕಾಲು ಪಾಲು ಕತ್ತಲೆಯನ್ನೇ ತೋರಿಸಿದರೆ? ಬೆಳಕು ಸಾಲದು ಅಂತ ಐಎಸ್‌ಒ, ಅಂದರೆ ಸಿಕ್ಕ ಬೆಳಕನ್ನೇ ಹಿಗ್ಗಿಸಿ ತೋರಿಸುವ ಅಳತೆ, ಅದನ್ನು ಏರಿಸುತ್ತದೆ, ಶಟರ್ ಜಾಸ್ತಿ ಹೊತ್ತು ತೆರೆದಿಡುತ್ತದೆ. ಐಎಸ್‌ಒ ಏರಿದ್ದಕ್ಕೆ ಫೋಟೊ ತುಂಬ ಕಾಳು ಕಾಳು, ಶಟರ್ ತಡವಾಗಿದ್ದಕ್ಕೆ ಅಲುಗಾಟ, ಎರಡೂ ಸೇರಿ ದೀಪ ಬೆಳ್ಳಗೆ ಸುಟ್ಟುಹೋಗುತ್ತದೆ. ನೀವು ಬೇರೆ ಬೇರೆ ಅಂದುಕೊಂಡ ಮೂರು ದೂರುಗಳಿಗೂ ಬೇರು ಒಂದೇ.

ಹಾಗಾಗಿ ಬೆಳಕು ಇಳಿಸಿ. ಹೌದು, ರಾತ್ರಿ ಹೊತ್ತಲ್ಲೇ ಇಳಿಸಿ. ಫೋನಿನಲ್ಲಿ ದೀಪದ ಮೇಲೆ ಬೆರಳು ಒತ್ತಿದರೆ ಪಕ್ಕದಲ್ಲಿ ಒಂದು ಚಿಕ್ಕ ಸೂರ್ಯ ಬರುತ್ತಾನಲ್ಲ, ಅವನನ್ನು ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಪ್ಲಸ್-ಮೈನಸ್ ಗುಂಡಿ. ಮೈನಸ್ ಒಂದರಿಂದ ಶುರು ಮಾಡಿ. ಒಂದು ಸ್ಟಾಪ್ ಇಳಿಸೋದು ಅಂದರೆ ಬೆಳಕು ಅರ್ಧ ಮಾಡೋದು, ಏರಿಸೋದು ಅಂದರೆ ದುಪ್ಪಟ್ಟು. ಇಳಿಸಿದರೆ 1/15 ಸೆಕೆಂಡ್ ಇದ್ದ ಶಟರ್ 1/30 ಆಗುತ್ತದೆ, ಇಲ್ಲವೇ 3200 ಇದ್ದ ಐಎಸ್‌ಒ 1600ಕ್ಕೆ ಬರುತ್ತದೆ. ಎರಡರಲ್ಲಿ ಯಾವುದಾದರೂ ನಿಮಗೆ ಲಾಭವೇ. ಮೈನಸ್ ಎರಡು ಬೇಕಾಗಬಹುದು, ಬೇಡವಾಗಲೂಬಹುದು, ಚೌಕಟ್ಟಿನಲ್ಲಿ ಕತ್ತಲೆ ಎಷ್ಟಿದೆ ಅನ್ನೋದರ ಮೇಲೆ ಅದು. ಎಲ್ಲಾ ಕಡೆ ಬೆಳಕು ಸುರಿಯುವ ಪೆಂಡಾಲಿನೊಳಗೆ ಈ ಲೆಕ್ಕ ನಡೆಯೋದಿಲ್ಲ. ನೈಟ್ ಮೋಡ್ ಇದೆಯಲ್ಲ ಅಂತೀರಿ. ಒಳ್ಳೇದೇ, ಹಲವು ಫೋಟೊ ತೆಗೆದು ಕೂಡಿಸುವುದರಿಂದ ಕಾಳು ತಗ್ಗುತ್ತದೆ. ಆದರೆ ಅದೂ ಎಷ್ಟೋ ಸಲ ರಾತ್ರಿಯನ್ನು ಸಂಜೆ ನಾಲ್ಕು ಗಂಟೆ ಮಾಡಿಬಿಡುತ್ತದೆ, ಅಲ್ಲೂ ಸೂರ್ಯನನ್ನು ಎಳೆಯಲೇಬೇಕು.

ನನ್ನ ಭಾನುವಾರದ ಕ್ಲಾಸಿಗೆ ಬರುವ ಬ್ಯಾಂಕಿನ ಅಕ್ಕಾರೊಬ್ಬರು ಇದನ್ನು ನಂಬಲೇ ಇಲ್ಲ. "ಕತ್ತಲ್ಯಾಗ ಮತ್ತ ಕತ್ತಲ ಮಾಡೂದೇನ್ರಿ?" ಅಂತ ನಕ್ಕರು. ದುರ್ಗದಬೈಲಿಗೆ ಕರೆದುಕೊಂಡು ಹೋಗಿ ಮಿರ್ಚಿ ಗಾಡಿ ಮುಂದೆ ನಿಲ್ಲಿಸಿದೆ. ಮೊದಲ ಫೋಟೊದಲ್ಲಿ ಹಿಂದಿನ ಬ್ಯಾನರು, ವೈರು, ಯಾರದೋ ಸ್ಕೂಟರು ಎಲ್ಲಾ ಸ್ಪಷ್ಟ. ಮಿರ್ಚಿ ಕರಿಯುವವನ ಮುಖವೇ ಬಿಳಿಚಿಕೊಂಡಿದೆ. ಸೂರ್ಯನನ್ನು ಎಳೆದರು. ಸ್ಕೂಟರು ಮಾಯ. ಕಡಾಯಿಯ ಎಣ್ಣೆ ಮಿಂಚಿತು, ಝಾರಿ ಹಿಡಿದ ಕೈಯ ಒಂದೇ ಮಗ್ಗುಲಿಗೆ ಬಲ್ಬಿನ ಹಳದಿ ಬೆಳಕು, ಹಿಂದಿನ ಕಪ್ಪಿನ ಮೇಲೆ ಹಬೆ ಎಳೆ ಎಳೆಯಾಗಿ ಕಂಡಿತು. ಆಮೇಲೆ ಅಕ್ಕಾರು ನನ್ನನ್ನು ಮರೆತೇಬಿಟ್ಟರು. ಮಿರ್ಚಿ ನಾನೊಬ್ಬನೇ ತಿಂದೆ.

ಫ್ಲಾಶ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫೋನಿನ ಫ್ಲಾಶ್ ಕೆಲವೇ ಮೀಟರ್ ಮುಟ್ಟುತ್ತದೆ. ನೃಪತುಂಗ ಬೆಟ್ಟದ ಮೇಲೆ ನಿಂತು ಇಡೀ ಹುಬ್ಬಳ್ಳಿಗೆ ಫ್ಲಾಶ್ ಹೊಡೆಯುವವರಿದ್ದಾರೆ, ಅವರಿಗೆ ದೂರದಿಂದಲೇ ನಮಸ್ಕಾರ.

ಗಣೇಶನ ಮಂಟಪದ ಫೋಟೊದಲ್ಲಿ ಅಡ್ಡ ಪಟ್ಟೆ ಬರೋದು ಮಾತ್ರ ನಿಮ್ಮ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ. ಸ್ಟೇಜಿನ ಬಣ್ಣದ ಲೈಟುಗಳ ಮಿನುಗು ಬೇರೆ ಥರ, ಅಲ್ಲಿ ಶಟರ್ ಹಿಂದೆ ಮುಂದೆ ಮಾಡಿ ನೋಡಬೇಕು.

ಹುಣ್ಣಿಮೆ ಚಂದ್ರ ಬಿಳಿ ಬಿಲ್ಲೆಯಾಗಿ ಬರೋದೂ ಇದೇ ಮೀಟರ್ ಕಾಟದಿಂದ. ಸುತ್ತ ಕಪ್ಪು ಆಕಾಶ ನೋಡಿ ಅದು ಮೋಸ ಹೋಗುತ್ತದೆ, ಚಂದ್ರನ ಮೇಲಿರೋದು ಮಾತ್ರ ಭರ್ತಿ ಬಿಸಿಲು. ಮ್ಯಾನುಯಲ್‌ಗೆ ಹಾಕಿ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 11, ಶಟರ್ 1/100 ಇಡಿ. ಮೋಡವೋ ಧೂಳೋ ಇದ್ದರೆ ಒಂದು ಸ್ಟಾಪ್ ಏರಿಸಿ. ಹೊಸ ಲೆನ್ಸ್ ಕೇಳಿಕೊಂಡು ಬರುವವರು ಮೊದಲು ಇಷ್ಟು ಮಾಡಿ ಆ ಫೋಟೊ ತನ್ನಿ, ಆಮೇಲೆ ಲೆನ್ಸಿನ ಮಾತು ಆಡೋಣ.