ಪದ ಪರಿಚಯ: ಮೆಡಿಕೇಷನ್ ಎರರ್ ರೇಟ್

"ಆ ನರ್ಸಿಂಗ್ ಹೋಮಿನಲ್ಲಿ ಎರರ್ ರೇಟ್ 5 ಪರ್ಸೆಂಟಿಗಿಂತ ಕಡಿಮೆ ಇದೆ. ಅಂದರೆ ನೂರರಲ್ಲಿ 95 ಮಾತ್ರೆ ಸರಿಯಾಗಿ ಕೊಡ್ತಾರೆ. ಅಪ್ಪನನ್ನು ಅಲ್ಲಿಗೇ ಸೇರಿಸೋಣ." ಅಮೆರಿಕದಲ್ಲಿರುವ ನಮ್ಮ ಕುಟುಂಬಗಳಲ್ಲಿ ಈ ಮಾತು ಪದೇ ಪದೇ ಕೇಳುತ್ತಿದೆ. ಮೆಡಿಕೇಷನ್ ಎರರ್ ರೇಟ್ ಅಂದರೆ ಔಷಧಿ ಕೊಡುವಾಗ ಆಗುವ ತಪ್ಪುಗಳ ಪ್ರಮಾಣ. ಆದರೆ ಅದನ್ನು ಹೀಗೆ ಓದುವ ಲೆಕ್ಕ ತಪ್ಪು. ಇದನ್ನು ನಂಬಿ ಹಿರಿಯರನ್ನು ಎಲ್ಲಿ ಬಿಡಬೇಕು ಅಂತ ತೀರ್ಮಾನಿಸುತ್ತಾರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಹೆರಿಗೆ-ಆಪರೇಷನ್ ಆಸ್ಪತ್ರೆ ಅಲ್ಲ, ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ. ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಅಥವಾ ಮೆಡಿಕೇಡ್ (ಕಡಿಮೆ ಆದಾಯದವರದ್ದು) ಹಣ ಪಡೆಯುವ ಇಂಥ ಕಡೆಗೆಲ್ಲ 1987ರ ಫೆಡರಲ್ ಕಾನೂನಿನಂತೆ ರಾಜ್ಯದ ಇನ್‌ಸ್ಪೆಕ್ಟರ್‌ಗಳು ಹೇಳದೆ ಕೇಳದೆ ಬರುತ್ತಾರೆ. ಒಂದು ತಪಾಸಣೆಗೂ ಇನ್ನೊಂದಕ್ಕೂ 15 ತಿಂಗಳಿಗಿಂತ ಜಾಸ್ತಿ ಅಂತರ ಇರುವಂತಿಲ್ಲ. ಬರುವ ದಿನದ ಸುಳಿವು ಕೊಟ್ಟವರಿಗೆ ದಂಡವೂ ಇದೆ.

ಈಗ ಈ ರೇಟ್ ಹುಟ್ಟುವ ಬಗೆ. ನರ್ಸ್ ಔಷಧಿ ಗಾಡಿ ತಳ್ಳಿಕೊಂಡು ಕೋಣೆ ಕೋಣೆಗೆ ಹೋಗುವಾಗ ಇನ್‌ಸ್ಪೆಕ್ಟರ್ ಜೊತೆಗೇ ಹೋಗುತ್ತಾರೆ. ಯಾರಿಗೆ ಏನು, ಎಷ್ಟು, ಹೇಗೆ ಕೊಟ್ಟರು ಅಂತ ಕಣ್ಣಾರೆ ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಅದನ್ನು ಡಾಕ್ಟರ ಆರ್ಡರಿಗೆ ತಾಳೆ ನೋಡುತ್ತಾರೆ. ಬರೀ ದಾಖಲೆ ನೋಡಿದರೆ ಸಾಲದು. ದಾಖಲೆಯಲ್ಲಿ "ಕೊಟ್ಟಿದೆ" ಅಂತ ಸಹಿ ಇರುತ್ತದೆ, ಮಾತ್ರೆ ಪುಡಿ ಮಾಡಿ ಕೊಟ್ಟದ್ದು ಅದರಲ್ಲಿ ಇರುವುದಿಲ್ಲ. ಕಂಡ ತಪ್ಪುಗಳನ್ನು ಒಟ್ಟು ಅವಕಾಶಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ರೇಟ್ ಬಂತು. ಅವಕಾಶ ಅಂದರೆ ಕೊಟ್ಟ ಡೋಸ್‌ಗಳು, ಜೊತೆಗೆ ಕೊಡಬೇಕಿದ್ದೂ ಕೊಡದೆ ಬಿಟ್ಟವು.

ಇಂಥ ಅವಕಾಶಗಳು ಕನಿಷ್ಠ 25 ಇರಬೇಕು. ಹೌದು, ಬರೀ 25. ನೂರು ಜನ ಇರುವ ಹೋಮಿನಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 8 ಡೋಸ್ ಅಂದುಕೊಂಡರೂ 800 ಆಯಿತು. ಅದರಲ್ಲಿ ಇಪ್ಪತ್ತೈದೋ ಮೂವತ್ತೋ ನೋಡಿ ಬಂದ ಸಂಖ್ಯೆ ಇದು. ರೇಟ್ 5 ಅಥವಾ ಅದಕ್ಕಿಂತ ಜಾಸ್ತಿ ಆದರೆ ಫೇಲ್. 25ರಲ್ಲಿ ಒಂದು ತಪ್ಪಾದರೆ 4 ಪರ್ಸೆಂಟ್, ಪಾಸ್. ಎರಡಾದರೆ 8 ಪರ್ಸೆಂಟ್, ತಪಾಸಣೆ ವರದಿಯಲ್ಲಿ ಎಫ್-759 ಅನ್ನುವ ನಿಯಮ ಸಂಖ್ಯೆಯಡಿ ಲೋಪ ಬೀಳುತ್ತದೆ. ಪಾಸಿಗೂ ಫೇಲಿಗೂ ನಡುವೆ ಇರುವುದು ಒಂದೇ ಮಾತ್ರೆ. 4.6 ಬಂದರೆ ಅದನ್ನು 5 ಅಂತ ಎತ್ತರಿಸುವ ಹಾಗೂ ಇಲ್ಲ. ಹಾಗಿರುವಾಗ "5ಕ್ಕಿಂತ ಕಡಿಮೆ" ಅನ್ನುವುದು ಆ ಹೋಮಿನ ವರ್ಷದ ಸಾಧನೆ ಹೇಗಾಗುತ್ತದೆ? ಆವತ್ತು ಕಂಡ ಅಷ್ಟು ಡೋಸ್‌ಗಳ ವಿಷಯ ಅದು, ಅಷ್ಟೇ.

ಎರರ್ ಅನ್ನುವ ಪದವನ್ನೂ ಸುಮ್ನೆ "ತಪ್ಪು ಔಷಧಿ" ಅಂತ ಬರೆದುಬಿಡುತ್ತಾರೆ. ಅದು ಒಂದು ಬಗೆ ಮಾತ್ರ. ಸರಿಯಾದ ಔಷಧಿಯನ್ನೇ, ಸರಿಯಾದ ವ್ಯಕ್ತಿಗೇ ಕೊಟ್ಟೂ ಎರರ್ ಆಗುತ್ತದೆ. ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ನುಂಗಲು ಸುಲಭವಾಗಲಿ ಅಂತ ಅರೆದು ಕೊಟ್ಟರೆ ಎರರ್, ಯಾಕೆಂದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಊಟದ ಜೊತೆ ಅಂತ ಆರ್ಡರ್ ಇರುವುದನ್ನು ಖಾಲಿ ಹೊಟ್ಟೆಗೆ ಕೊಟ್ಟರೂ ಎರರ್. ಎರಡು ಬಗೆಯ ಕಣ್ಣಿನ ಹನಿಗಳನ್ನು ನಡುವೆ ಸಮಯ ಬಿಡದೆ ಹಾಕಿದರೆ ಮೊದಲನೆಯದು ತೊಳೆದುಹೋಗುತ್ತದೆ, ಅದೂ ಎರರ್. ಯಾರಿಗೂ ಏನೂ ಆಗಲಿಲ್ಲ ಅಂದರೂ ಲೆಕ್ಕಕ್ಕೆ ಬರುತ್ತದೆ. ಹೊತ್ತು ತಪ್ಪಿದ್ದು ಮಾತ್ರ ಬೇರೆ: ಒಂದು ಗಂಟೆ ಹಿಂದೆ ಮುಂದೆ ಆಗಿ, ಅದರಿಂದ ತೊಂದರೆ ಆಗುವ ಹಾಗಿದ್ದರೆ ಮಾತ್ರ ಎಣಿಸುತ್ತಾರೆ.

ಎಲ್ಲರೂ ಮರೆಯುವ ಇನ್ನೊಂದು ನಿಯಮ ಎಫ್-760. ಇದರಲ್ಲಿ ಪರ್ಸೆಂಟೇ ಇಲ್ಲ. ಗಂಭೀರ ತಪ್ಪು ಒಂದೇ ಒಂದು ಆದರೂ ಲೋಪ. ಗಂಭೀರ ಅಂದರೆ ಆ ವ್ಯಕ್ತಿಗೆ ಸಂಕಟ ತರುವಂಥದ್ದು ಅಥವಾ ಆರೋಗ್ಯಕ್ಕೆ, ಜೀವಕ್ಕೆ ಅಪಾಯ ಒಡ್ಡುವಂಥದ್ದು. ವಿಟಮಿನ್ ಮಾತ್ರೆ ಒಂದು ದಿನ ತಪ್ಪಿದ್ದಕ್ಕೂ, ರಕ್ತ ತೆಳುಮಾಡುವ ವಾರ್ಫರಿನ್ ಎರಡು ಪಟ್ಟು ಹೋದದ್ದಕ್ಕೂ ವ್ಯತ್ಯಾಸ ಇಲ್ವಾ? ವಾರ್ಫರಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಫಿಟ್ಸಿಗೆ ಕೊಡುವ ಫಿನಿಟಾಯಿನ್ ಇಂಥವುಗಳಲ್ಲಿ ಗುಣ ಕೊಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಮೊದಲೇ ನೀರಿನಂಶ ಕಳೆದುಕೊಂಡವರಿಗೆ ಮೂತ್ರ ಹೋಗಿಸುವ ಮಾತ್ರೆ ಒಂದು ಹೆಚ್ಚಾದರೂ ಕಷ್ಟ. ರೇಟ್ 3 ಇದ್ದ ಹೋಮಿಗೂ ಎಫ್-760 ಬೀಳಬಹುದು. ಹಾಗಾಗಿ ಮೊದಲು ಹುಡುಕಬೇಕಾದದ್ದು ಇದನ್ನು.

ನರ್ಸಿಂಗ್ ಹೋಮ್‌ಗಳಿಗೆ ಮೆಡಿಕೇರ್‌ನವರು ಒಂದರಿಂದ ಐದರವರೆಗೆ ಕೊಡುವ ಸ್ಟಾರ್ ರೇಟಿಂಗ್ ಬಗ್ಗೆಯೂ ಒಂದು ಮಾತು. ತಪಾಸಣೆಯ ಸ್ಟಾರ್‌ಗಳನ್ನು ಆಯಾ ರಾಜ್ಯದೊಳಗೇ ಹೋಲಿಸಿ ಕೊಡುತ್ತಾರೆ. ಟೆಕ್ಸಾಸಿನ ನಾಲ್ಕನ್ನು ನ್ಯೂಜೆರ್ಸಿಯ ನಾಲ್ಕರ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥ ಇಲ್ಲ. ಸ್ಟಾರ್ ಬಿಟ್ಟು ವರದಿಯನ್ನೇ ಓದಿ. ಏನು ತಪ್ಪಾಯಿತು ಅಂತ ಅದರಲ್ಲಿ ಬಿಡಿಸಿ ಬರೆದಿರುತ್ತದೆ. ಪ್ರತಿ ಲೋಪದ ಪಕ್ಕ ಎ ಇಂದ ಎಲ್ ವರೆಗಿನ ಒಂದು ಅಕ್ಷರ ಇರುತ್ತದೆ. ಜೆ, ಕೆ, ಎಲ್ ಇದ್ದರೆ ಜೀವಕ್ಕೇ ಕುತ್ತು ಬರುವಂಥ ಲೋಪ. ಎಫ್-756 ಇದೆಯಾ ನೋಡಿ, ಅದು ಫಾರ್ಮಸಿಸ್ಟ್ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಔಷಧಿ ಪಟ್ಟಿ ಪರಿಶೀಲಿಸುವ ಕೆಲಸಕ್ಕೆ ಸಂಬಂಧಿಸಿದ್ದು. ಹಿಂದಿನ 3 ವರ್ಷದ ವರದಿಗಳನ್ನು ಯಾರು ಕೇಳಿದರೂ ತೋರಿಸಬೇಕು ಅಂತ ನಿಯಮ ಇದೆ. ನೋಡಲು ಹೋದ ದಿನವೇ ರಿಸೆಪ್ಷನ್ನಿನಲ್ಲಿ ಕೇಳಿ ತೆಗೆಸಿಕೊಳ್ಳಿ.